ಮಡಚುವ ಸೈಕಲ್, ಪರ್ಪಲ್ ಲೈನ್ ಮತ್ತು ನನ್ನ ಐದು ಕಿಲೋಮೀಟರ್

ನನ್ನ ಮನೆ ನಾಗರಭಾವಿಯಲ್ಲಿ, ಆಫೀಸು ಬ್ರೂಕ್‌ಫೀಲ್ಡ್‌ನಲ್ಲಿ. ಬೆಂಗಳೂರು ಗೊತ್ತಿದ್ದವರಿಗೆ ಇಷ್ಟು ಹೇಳಿದರೆ ಸಾಕು, ಊರಿನ ಈ ತುದಿಯಿಂದ ಆ ತುದಿ. ಮಧ್ಯದ ದೂರವನ್ನು ಪರ್ಪಲ್ ಲೈನ್ ಮೆಟ್ರೊ ನೋಡಿಕೊಳ್ಳುತ್ತದೆ. ಉಳಿಯುವುದು ಎರಡು ತುಂಡು. ಮನೆಯಿಂದ ಅತ್ತಿಗುಪ್ಪೆ ಸ್ಟೇಷನ್‌ಗೆ 3 ಕಿ.ಮೀ., ಆ ಕಡೆ ಕುಂದಲಹಳ್ಳಿ ಸ್ಟೇಷನ್‌ನಿಂದ ಆಫೀಸಿಗೆ 2 ಕಿ.ಮೀ. ನನ್ನ ದಿನದ ತಲೆನೋವೆಲ್ಲ ಇದ್ದದ್ದು ಈ ಐದು ಕಿಲೋಮೀಟರ್‌ನಲ್ಲಿ. ಮೆಟ್ರೊ ಎಷ್ಟು ಹೊತ್ತಿಗೆ ಬರುತ್ತದೆ ಅಂತ ಗೊತ್ತಿರುತ್ತದೆ, ಆದರೆ ಆಟೊ ಸಿಗುತ್ತದಾ, ಬಸ್ ಬರುತ್ತದಾ, ಬಂದರೂ ಚಂದ್ರಾ ಲೇಔಟ್ ದಾಟಲು ಎಷ್ಟು ಹೊತ್ತು ಅನ್ನುವುದು ಯಾರಿಗೂ ಗೊತ್ತಿರುವುದಿಲ್ಲ.

2023ರ ಏಪ್ರಿಲ್‌ನಿಂದ ಆ ಐದು ಕಿಲೋಮೀಟರನ್ನು ಮಡಚುವ ಸೈಕಲ್ಲಿನಲ್ಲಿ ಹೋಗುತ್ತಿದ್ದೇನೆ. ಹೊರಗೆ ಕಾಣಿಸಿದಾಗಲೆಲ್ಲ ಜನ ನಿಲ್ಲಿಸಿ ಕೇಳುತ್ತಾರೆ, ಆಫೀಸಿನಲ್ಲಿ ಕೇಳುತ್ತಾರೆ, ನೆಂಟರ ಮನೆಯ ಮದುವೆಯಲ್ಲೂ ಒಬ್ಬರು ಕೇಳಿದರು. ಎಲ್ಲರಿಗೂ ಅರ್ಧಂಬರ್ಧ ಹೇಳುವ ಬದಲು ಒಂದೇ ಸಲ ಪೂರ್ತಿ ಬರೆಯೋಣ ಅನ್ನಿಸಿತು.

ನನ್ನದು 16 ಇಂಚಿನ ಚಕ್ರದ, ಮೂರು ಮಡಿಕೆಯ ಸೈಕಲ್. ಸ್ಟೀಲ್ ಫ್ರೇಮು, ಮೂರು ಗೇರು, ತೂಕ 11.8 ಕೆಜಿ. ಸೆಕೆಂಡ್ ಹ್ಯಾಂಡ್, 32 ಸಾವಿರ ಕೊಟ್ಟೆ. ಕಂಪನಿ ಹೆಸರು ಬರೆಯುತ್ತಿಲ್ಲ, ಈ ಥರದವು ಈಗ ಹಲವು ಕಂಪನಿಗಳಲ್ಲಿ ಹೆಚ್ಚುಕಮ್ಮಿ ಒಂದೇ ರೂಪದಲ್ಲಿ ಬರುತ್ತವೆ. ಮೂಲ ವಿನ್ಯಾಸ ಲಂಡನ್ನಿನದು. 1975ರಲ್ಲಿ ಆಂಡ್ರ್ಯೂ ರಿಚಿ ಅನ್ನುವ ಎಂಜಿನಿಯರ್ ತನ್ನ ಫ್ಲ್ಯಾಟಿನಲ್ಲೇ ಇದರ ಮೊದಲ ಮಾದರಿ ಕಟ್ಟಿದ. ಕಿಟಕಿಯಿಂದ ಎದುರಿಗೆ ಬ್ರಾಂಪ್ಟನ್ ಒರೇಟರಿ ಅನ್ನುವ ಚರ್ಚ್ ಕಾಣುತ್ತಿತ್ತು, ಸೈಕಲ್ಲಿಗೂ ಬ್ರಾಂಪ್ಟನ್ ಅಂತಲೇ ಹೆಸರಿಟ್ಟ. ಪೇಟೆಂಟ್ ಅವಧಿ ಮುಗಿದ ಮೇಲೆ ಅದೇ ಥರ ಮಡಚುವ ಸೈಕಲ್ಲುಗಳನ್ನು ಬೇರೆಯವರೂ ಮಾಡತೊಡಗಿದರು. ಇನ್ನೊಂದು ಜಾತಿ ಇದೆ, 20 ಇಂಚಿನ ಚಕ್ರದ್ದು, ನಡು ಮುರಿದು ಎರಡಾಗಿ ಮಡಚುವಂಥದ್ದು. ಅದನ್ನು ಜಗತ್ತಿಗೆಲ್ಲ ಹಂಚಿದ್ದು ಡಾಹೋನ್ ಕಂಪನಿ. 1970ರ ದಶಕದ ಪೆಟ್ರೋಲ್ ಬಿಕ್ಕಟ್ಟು ನೋಡಿದ ಡೇವಿಡ್ ಹಾನ್ ಅನ್ನುವ ಲೇಸರ್ ವಿಜ್ಞಾನಿ ಇದರ ಹಿಂದೆ ಬಿದ್ದು, 1982ರಲ್ಲಿ ಕಂಪನಿಯನ್ನೇ ಶುರು ಮಾಡಿದರು. ನನ್ನ ತಮ್ಮನ ಹತ್ತಿರ 20 ಇಂಚಿನದು ಇದೆ, ಅದನ್ನೂ ಸಾಕಷ್ಟು ಓಡಿಸಿದ್ದೇನೆ. ಹಾಗಾಗಿ ಎರಡರ ಬಗ್ಗೆಯೂ ಹೇಳಬಲ್ಲೆ.

ಮೊದಲು ಮಡಚುವುದು ಹೇಗೆ ಅಂತ ನೋಡಿ. ಹಿಂದಿನ ಚಕ್ರದ ಭಾಗವನ್ನು ಹಿಡಿದು ಕೆಳಗೆ ತಳ್ಳಿದರೆ ಅದು ಫ್ರೇಮಿನ ಅಡಿಗೆ ಮಡಚಿಕೊಂಡು ಕೂರುತ್ತದೆ. ಅಷ್ಟಕ್ಕೇ ಸೈಕಲ್ಲು ತನ್ನಷ್ಟಕ್ಕೆ ನಿಲ್ಲುತ್ತದೆ, ಸ್ಟ್ಯಾಂಡ್ ಬೇಡ. ಅಂಗಡಿ ಮುಂದೆ ಎರಡು ನಿಮಿಷ ನಿಲ್ಲಿಸಲು ನಾನು ಇಷ್ಟೇ ಮಾಡುತ್ತೇನೆ. ಆಮೇಲೆ ನಡುವಿನ ಲಾಚ್ ಸಡಿಲಿಸಿ ಮುಂದಿನ ಚಕ್ರವನ್ನು ಪಕ್ಕಕ್ಕೆ ತರಬೇಕು. ಹ್ಯಾಂಡಲ್ಲಿನ ಲಾಚ್ ಬಿಚ್ಚಿದರೆ ಅದು ತಾನೇ ಕೆಳಗೆ ಬಿದ್ದು ಟಕ್ ಅಂತ ಕಚ್ಚಿಕೊಳ್ಳುತ್ತದೆ. ಕೊನೆಗೆ ಸೀಟು ಕೆಳಗಿಳಿಸಿದರೆ ಎಲ್ಲವೂ ಲಾಕ್, ಎತ್ತಿದರೂ ಬಿಚ್ಚಿಕೊಳ್ಳುವುದಿಲ್ಲ. ಮೊದಲ ವಾರ ನನಗೆ ಎರಡು ನಿಮಿಷ ಬೇಕಾಗುತ್ತಿತ್ತು. ಈಗ ಇಪ್ಪತ್ತೈದು ಸೆಕೆಂಡು, ಬ್ಯಾಗು ಹೆಗಲಿನಲ್ಲಿ ಇರುವಾಗಲೇ. ನನಗೆ ತುಂಬಾ ಹಿಡಿಸಿದ ವಿಷಯ ಅಂದರೆ ಮಡಚಿದ ಮೇಲೆ ಚೈನು ಎರಡು ಚಕ್ರಗಳ ಮಧ್ಯೆ ಒಳಗೆ ಸೇರಿಕೊಳ್ಳುತ್ತದೆ. ಹೊರಗೆ ಯಾರ ಬಟ್ಟೆಗೂ ಗ್ರೀಸು ತಾಗುವುದಿಲ್ಲ, ನನ್ನ ಚೂಡಿದಾರಕ್ಕೂ. ಕ್ಯಾರಿಯರ್ ತುದಿಯಲ್ಲಿ ಪುಟ್ಟ ಚಕ್ರಗಳಿವೆ. ಸೀಟನ್ನು ಸ್ವಲ್ಪ ಮೇಲಕ್ಕೆ ಎಳೆದು ಹಿಡಿದುಕೊಂಡರೆ ಪ್ಲಾಟ್‌ಫಾರ್ಮಿನ ಮೇಲೆ ಸೂಟ್‌ಕೇಸ್ ಥರ ತಳ್ಳಿಕೊಂಡು ಹೋಗಬಹುದು.

ನಾನು ಇದನ್ನು ಮನಸಾರೆ ಮೆಚ್ಚಿದ್ದು ಯಾವಾಗ ಅಂದರೆ, 2023ರ ಬೇಸಿಗೆಯಲ್ಲಿ. ಆಗ ಪರ್ಪಲ್ ಲೈನ್ ಎರಡು ತುಂಡಾಗಿ ಓಡುತ್ತಿತ್ತು, ನೆನಪಿದೆಯಲ್ವಾ? ಮಾರ್ಚ್ ಕೊನೆಯಲ್ಲಿ ವೈಟ್‌ಫೀಲ್ಡ್‌ನಿಂದ ಕೆ.ಆರ್. ಪುರದವರೆಗೆ ಶುರುವಾಯಿತು, ಆದರೆ ಈ ಕಡೆಯ ಮೆಟ್ರೊ ಬೈಯಪ್ಪನಹಳ್ಳಿಗೇ ನಿಂತಿತ್ತು. ಮಧ್ಯದ ಎರಡು ಕಿಲೋಮೀಟರ್ ಚಿಲ್ಲರೆ ದೂರಕ್ಕೆ ಎಲ್ಲರೂ ಇಳಿದು ಬಸ್ ಹತ್ತಬೇಕಿತ್ತು. ಆ ರಸ್ತೆ ಯಾವುದು ಅಂದರೆ ಟಿನ್ ಫ್ಯಾಕ್ಟರಿ ಅನ್ನುವ ಜಂಕ್ಷನ್ನಿನದು. ಅಲ್ಲಿ ಬೆಳಿಗ್ಗೆ ಬಸ್ಸು, ಕ್ಯಾಬು, ಲಾರಿ ಎಲ್ಲವೂ ಒಂದಕ್ಕೊಂದು ಅಂಟಿಕೊಂಡು ನಿಂತಿರುತ್ತಿದ್ದವು. ನಾನು ಬೈಯಪ್ಪನಹಳ್ಳಿಯಲ್ಲಿ ಇಳಿದು, ಸೈಕಲ್ ಬಿಚ್ಚಿ, ಹಳೇ ಮದ್ರಾಸ್ ರಸ್ತೆಯ ಎಡ ಅಂಚು ಹಿಡಿದು ಹೊರಡುತ್ತಿದ್ದೆ. ಜಾಗ ಇಲ್ಲದ ಕಡೆ ಇಳಿದು ಫುಟ್‌ಪಾತ್ ಮೇಲೆ ತಳ್ಳಿಕೊಂಡು ಹೋಗುತ್ತಿದ್ದೆ. ಕೆ.ಆರ್. ಪುರದ ತೂಗು ಸೇತುವೆ ಕಾಣಿಸುವ ಹೊತ್ತಿಗೆ ಹದಿಮೂರು, ಹದಿನಾಲ್ಕು ನಿಮಿಷ ಆಗಿರುತ್ತಿತ್ತು. ಒಂದೇ ರೈಲಿನಲ್ಲಿ ನನ್ನ ಜೊತೆ ಇಳಿದು ಬಸ್ಸಿನಲ್ಲಿ ಬಂದವರನ್ನು ಎಷ್ಟೋ ದಿನ ನಾನು ಕೆ.ಆರ್. ಪುರ ಪ್ಲಾಟ್‌ಫಾರ್ಮಿನಲ್ಲಿ ಕಾಣುತ್ತಲೇ ಇರಲಿಲ್ಲ, ನನ್ನ ರೈಲು ಬಂದು ಹೊರಟೇ ಹೋಗಿರುತ್ತಿತ್ತು. ಆ ಆರು ತಿಂಗಳು ಈ ಸೈಕಲ್ಲು ಬೆಳಿಗ್ಗೆ ಮೂರು ಸಲ ಬಿಚ್ಚಿ, ಮೂರು ಸಲ ಮಡಚಿ, ಸಂಜೆ ಮತ್ತೆ ಅಷ್ಟೇ ಸಲ. ಹಿಂಜುಗಳಿಗೆ, ಅಂದರೆ ಮಡಚುವ ಕೀಲುಗಳಿಗೆ, ಅದಕ್ಕಿಂತ ದೊಡ್ಡ ಪರೀಕ್ಷೆ ಬೇಕಿಲ್ಲ. 2023ರ ಅಕ್ಟೋಬರ್ 9ಕ್ಕೆ ಲೈನ್ ಕೂಡಿಕೊಂಡಿತು. ಈಗ ಅತ್ತಿಗುಪ್ಪೆಯಲ್ಲಿ ಹತ್ತಿದರೆ ಕುಂದಲಹಳ್ಳಿಯಲ್ಲೇ ಇಳಿಯುವುದು.

ಈಗ ಎಲ್ಲರೂ ಮೊದಲು ಕೇಳುವ ಪ್ರಶ್ನೆಗೆ ಬರೋಣ. ಮೆಟ್ರೊದಲ್ಲಿ ಬಿಡುತ್ತಾರಾ? ಪೂರ್ತಿ ಮಡಚುವ ಸೈಕಲ್ಲನ್ನು ಲಗೇಜಿನಂತೆ ಒಯ್ಯಲು ನಮ್ಮ ಮೆಟ್ರೊ 2020ರಲ್ಲೇ ಒಪ್ಪಿಗೆ ಕೊಟ್ಟಿತು, ಅದಕ್ಕೆ ಬೇರೆ ಚಾರ್ಜ್ ಇಲ್ಲ. ಆದರೆ ಆಗ ಹೇಳಿದ ಅಳತೆ 60×45×25 ಸೆಂ.ಮೀ., ತೂಕ 15 ಕೆಜಿ ಒಳಗೆ. ನಾನು ಮನೆಯಲ್ಲಿ ಟೇಪ್ ಹಿಡಿದು ಅಳೆದೆ. ಮಡಚಿದ ಮೇಲೆ ನನ್ನದು 58×57×28. ತೂಕ ಸರಿ, ಉದ್ದ ಸರಿ, ಎತ್ತರ ಮತ್ತು ದಪ್ಪ ಜಾಸ್ತಿ. ಪ್ರಪಂಚದಲ್ಲೇ ಚಿಕ್ಕದಾಗಿ ಮಡಚುವ ಸೈಕಲ್ಲುಗಳಲ್ಲಿ ಒಂದು ಅನ್ನಿಸಿಕೊಂಡ ಬ್ರಾಂಪ್ಟನ್ ಕೂಡ ಆ ಪೆಟ್ಟಿಗೆಯೊಳಗೆ ಕೂರುವುದಿಲ್ಲ. 20 ಇಂಚಿನದಂತೂ ಹತ್ತಿರ ಹತ್ತಿರ 80×65×35 ಆಗುತ್ತದೆ. ನಾನು ಬಚ್ಚಿಡಲು ಹೋಗಲಿಲ್ಲ. ಮೊದಲ ದಿನವೇ ಅರ್ಧ ಗಂಟೆ ಮುಂಚೆ ಹೋಗಿ, ಸ್ಟೇಷನ್‌ನಲ್ಲಿ ಇದ್ದವರಿಗೆ ಬಿಚ್ಚಿ ತೋರಿಸಿ, ಮಡಚಿ ತೋರಿಸಿ, ಅಳತೆಯನ್ನೂ ಹೇಳಿದೆ. ಒಬ್ಬರು ಎತ್ತಿ ನೋಡಿದರು. "ಕವರ್ ಹಾಕ್ಕೊಳ್ಳಿ ಮೇಡಂ, ರಶ್ ಇಲ್ಲದಾಗ ಬನ್ನಿ, ಬಾಗಿಲ ಹತ್ರ ಇಡಬೇಡಿ" ಅಂದರು. ಅವತ್ತಿನಿಂದ ಆ ಮೂರು ಮಾತನ್ನೂ ತಪ್ಪದೆ ಪಾಲಿಸುತ್ತಿದ್ದೇನೆ. ಏಳು ಗಂಟೆಯ ಹೊತ್ತಿನ ರೈಲು ಹಿಡಿಯುತ್ತೇನೆ, ನಾಲ್ಕೂವರೆಗೆ ಆಫೀಸು ಬಿಡುತ್ತೇನೆ. ನೀವು ಕೊಳ್ಳುವ ಮುಂಚೆ ನಿಮ್ಮ ಸ್ಟೇಷನ್‌ನಲ್ಲಿ ಒಂದು ಮಾತು ಕೇಳಿ, ಅಳತೆ ಬರೆದುಕೊಂಡು ಹೋಗಿ ಕೇಳಿ.

ಈ ಅಳತೆಯ ವಿಷಯದಲ್ಲಿ ನನ್ನ ಮನಸ್ಸಿನಲ್ಲಿ ಇರುವುದನ್ನು ಹೇಳಿಬಿಡುತ್ತೇನೆ. ಸಿಂಗಪುರದಲ್ಲಿ ಮಡಚಿದ ಸೈಕಲ್ಲಿಗೆ 120×70×40 ಸೆಂ.ಮೀ. ತನಕ ರೈಲಿನಲ್ಲೂ ಬಸ್ಸಿನಲ್ಲೂ ಜಾಗ ಇದೆ. ಲಂಡನ್ನಿನ ಟ್ಯೂಬ್ ರೈಲಿನಲ್ಲಿ ದೊಡ್ಡ ಸೈಕಲ್ಲಿಗೆ ರಶ್ ಹೊತ್ತಿನಲ್ಲಿ ತಡೆ ಇದೆ, ಮಡಚಿದ್ದಕ್ಕೆ ದಿನವಿಡೀ ತಡೆಯಿಲ್ಲ. ನಮ್ಮಲ್ಲಿ ಒಪ್ಪಿಗೆ ಕೊಟ್ಟಿದ್ದಾರೆ, ಅದು ನಿಜಕ್ಕೂ ದೊಡ್ಡ ಹೆಜ್ಜೆ. ಆದರೆ ಆ ಅಳತೆ ಸೂಟ್‌ಕೇಸಿನದು. ಅಂಗಡಿಯಲ್ಲಿ ಸಿಗುವ ಸೈಕಲ್ಲಿನ ಅಳತೆಗೆ ನಿಯಮವೂ ಬಂದರೆ, ಸ್ಟೇಷನ್‌ನಲ್ಲಿ ನಿಂತವರು ಪ್ರತಿ ಸಲ ಯೋಚನೆ ಮಾಡುವುದು ತಪ್ಪುತ್ತದೆ, ನಮ್ಮಂಥವರೂ ಧೈರ್ಯವಾಗಿ ಬರಬಹುದು. ಮೆಟ್ರೊ ಪಕ್ಕದಲ್ಲಿ ಪಾರ್ಕಿಂಗ್ ಕಟ್ಟಲು ಬೇಕಾಗುವ ಜಾಗದ ಮುಂದೆ ಇದು ಏನೂ ಅಲ್ಲ.

ಸರಿ, ಓಡಿಸಲು ಹೇಗಿದೆ? ಸಣ್ಣ ಚಕ್ರ ನೋಡಿ ಎಲ್ಲರೂ "ಇದನ್ನ ಎಷ್ಟು ತುಳಿಯಬೇಕಪ್ಪಾ" ಅನ್ನುತ್ತಾರೆ. ನನ್ನ ಚಕ್ರ ಒಂದು ಸುತ್ತು ತಿರುಗಿದರೆ ಸುಮಾರು 1.3 ಮೀಟರ್ ಮುಂದೆ ಹೋಗುತ್ತದೆ, ದೊಡ್ಡ ಸೈಕಲ್ಲಿನದು 2.1 ಮೀಟರ್. ಆ ವ್ಯತ್ಯಾಸವನ್ನು ಗೇರಿನಲ್ಲಿ ಸರಿ ಮಾಡಿರುತ್ತಾರೆ. ಪೆಡಲಿನ ಹತ್ತಿರ ಇರುವ ಹಲ್ಲಿನ ಚಕ್ರ ದೊಡ್ಡದು, ಹಿಂದಿನದು ಸಣ್ಣದು, ಹಾಗಾಗಿ ಒಂದು ತುಳಿತಕ್ಕೆ ಚಕ್ರ ಜಾಸ್ತಿ ಸುತ್ತು ತಿರುಗುತ್ತದೆ. ಕಾಲಿಗೆ ಬೀಳುವ ಕೆಲಸ ದೊಡ್ಡ ಸೈಕಲ್ಲಿನಷ್ಟೇ. ನಾನು ಆರಾಮಾಗಿ ಗಂಟೆಗೆ 15 ಕಿ.ಮೀ. ವೇಗದಲ್ಲಿ ಹೋಗುತ್ತೇನೆ, 3 ಕಿಲೋಮೀಟರ್‌ಗೆ ಹನ್ನೆರಡು ಹದಿಮೂರು ನಿಮಿಷ. ಬೆವರು ಅಂತ ಹೇಳುವಷ್ಟು ಬರುವುದಿಲ್ಲ, ಅದೂ ನಮ್ಮ ಬೆಂಗಳೂರಿನ ಬೆಳಗಿನ ಹವೆಯಲ್ಲಿ. ಸಿಗ್ನಲ್ ಬಿಟ್ಟಾಗ ಸಣ್ಣ ಚಕ್ರ ಬೇಗ ಎದ್ದು ಹೊರಡುತ್ತದೆ, ಇದು ದೊಡ್ಡ ಉಪಕಾರ. ಹಿಂದೆ ಬಸ್ಸು ಇರುವಾಗ ಮೊದಲ ಹತ್ತು ಮೀಟರ್ ಮುಖ್ಯ. ಫ್ರೇಮು ಕೆಳಗಿರುವುದರಿಂದ ಕಾಲೆತ್ತಿ ಹಾಕುವ ಕಷ್ಟ ಇಲ್ಲ, ಸೀರೆ ಉಟ್ಟ ದಿನವೂ ನಾನು ಇದರಲ್ಲೇ ಹೋಗಿದ್ದೇನೆ. ಸೀಟು ಎಷ್ಟು ಬೇಕೋ ಅಷ್ಟು ಎತ್ತಬಹುದು, ಇಳಿಸಬಹುದು. ಭಾನುವಾರ ನಮ್ಮ ಮನೆಯವರು ಓಡಿಸುತ್ತಾರೆ, ಅವರು 5 ಅಡಿ 10, ನಾನು 5 ಅಡಿ 2. ಇಬ್ಬರಿಗೂ ಸರಿಯಾಗುತ್ತದೆ.

ಗುಂಡಿ ವಿಷಯಕ್ಕೆ ಬಂದರೆ ಮಾತ್ರ ಹುಷಾರಾಗಿರಬೇಕು. ದೊಡ್ಡ ಚಕ್ರ ದಾಟಿಕೊಂಡು ಹೋಗುವ ಗುಂಡಿಯೊಳಗೆ 16 ಇಂಚಿನ ಚಕ್ರ ಇಳಿದುಬಿಡುತ್ತದೆ. ಮೋರಿಯ ಕಬ್ಬಿಣದ ಜಾಲರಿ ರಸ್ತೆಯ ಉದ್ದಕ್ಕೆ ಸೀಳಿಕೊಂಡಿದ್ದರೆ ಇನ್ನೂ ಅಪಾಯ. ಹ್ಯಾಂಡಲ್ ತುಂಬಾ ಚುರುಕು, ಸ್ವಲ್ಪ ತಿರುಗಿಸಿದರೆ ಜಾಸ್ತಿ ತಿರುಗುತ್ತದೆ. ಒಂದು ಕೈ ಬಿಟ್ಟು ಬೆವರು ಒರೆಸಿಕೊಳ್ಳುವ ಅಭ್ಯಾಸ ಇದ್ದವರು ಇದರಲ್ಲಿ ಅದನ್ನು ಮರೆಯಬೇಕು. ಮಳೆ ನಿಂತ ನೀರಿನಲ್ಲಿ ಗುಂಡಿ ಎಲ್ಲಿದೆ ಅಂತ ಕಾಣದಿದ್ದರೆ ನಾನು ಸುಮ್ನೆ ಇಳಿದು ತಳ್ಳುತ್ತೇನೆ. ಈ ಒಂದು ವಿಷಯದಲ್ಲಿ ತಮ್ಮನ 20 ಇಂಚಿನದು ನಿಜವಾಗಿಯೂ ಮೇಲು. ಅದರ ಟೈರು ದಪ್ಪ, ಹಂಪ್ ದಾಟುವಾಗ ಬೆನ್ನಿಗೆ ಅಷ್ಟು ಏಟು ಬೀಳುವುದಿಲ್ಲ.

ಹಿಂಜ್ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು, ಯಾಕೆಂದರೆ ಜೀವ ಇರುವುದು ಅಲ್ಲಿ. ಕೊಂಡ ಎರಡನೇ ತಿಂಗಳು, ಒಂದು ಬೆಳಿಗ್ಗೆ ಅವಸರದಲ್ಲಿ ಹ್ಯಾಂಡಲ್ ಲಾಚನ್ನು ಪೂರ್ತಿ ಬಿಗಿ ಮಾಡದೆ ಹೊರಟುಬಿಟ್ಟೆ. ಮನೆಯಿಂದ ಇನ್ನೂರು ಮೀಟರ್ ಹೋಗಿರಬಹುದು, ಒಂದು ಹಂಪ್ ಹತ್ತಿರ ಬ್ರೇಕ್ ಹಿಡಿದಾಗ ಹ್ಯಾಂಡಲ್ ಕಂಬ ಮುಂದಕ್ಕೆ ವಾಲಿತು. ಬೀಳಲಿಲ್ಲ, ಕಾಲು ಊರಿ ನಿಂತೆ, ಆದರೆ ಕೈ ನಡುಗುವುದು ನಿಲ್ಲಲು ಐದು ನಿಮಿಷ ಬೇಕಾಯಿತು. ಅವತ್ತಿನಿಂದ ಹತ್ತುವ ಮುಂಚೆ ಮೂರು ಜಾಗ ಮುಟ್ಟಿ ನೋಡುತ್ತೇನೆ. ನಡುವಿನ ಲಾಚ್, ಹ್ಯಾಂಡಲ್ ಲಾಚ್, ಸೀಟಿನ ಕ್ಲಾಂಪು. ಊರಿಗೆ ಹೊರಡುವಾಗ ಗ್ಯಾಸ್ ಆಫ್ ಆಗಿದೆಯಾ ಅಂತ ಮುಟ್ಟಿ ನೋಡುತ್ತೇವಲ್ಲ, ಹಾಗೆ. ಆಮೇಲೆ ಮುಂದಿನ ಬ್ರೇಕ್ ಹಿಡಿದು ಹ್ಯಾಂಡಲ್ಲನ್ನು ಹಿಂದೆ ಮುಂದೆ ಅಲ್ಲಾಡಿಸುತ್ತೇನೆ. ಕಟ ಕಟ ಸದ್ದು ಬಂದರೆ ಎಲ್ಲೋ ಸಡಿಲ ಇದೆ ಅಂತ ಅರ್ಥ. ಇದಕ್ಕೆ ಹತ್ತು ಸೆಕೆಂಡು ಬೇಕಿಲ್ಲ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಹಿಂಜ್ ಸುತ್ತಲಿನ ಬೆಸುಗೆಯನ್ನು ಬಟ್ಟೆಯಲ್ಲಿ ಒರೆಸಿ, ಮೊಬೈಲ್ ಟಾರ್ಚ್ ಹಾಕಿ ನೋಡಿ. ಕೂದಲೆಳೆಯಷ್ಟು ಬಿರುಕು ಕಂಡರೂ, ಬಣ್ಣ ಅಲ್ಲಿ ಮಾತ್ರ ಹೊಸದಾಗಿ ಬಳಿದಿದ್ದರೂ ಆ ಸೈಕಲ್ ಬೇಡ, ಎಷ್ಟೇ ಕಡಿಮೆಗೆ ಕೊಡಲಿ.

ಟೈರಿನ ಕಥೆಯನ್ನೂ ಹೇಳಲೇಬೇಕು, ನನಗೆ ಇದರಲ್ಲಿ ದುಡ್ಡೂ ಹೋಯಿತು, ವಾರವೂ ಹೋಯಿತು. 16 ಇಂಚು ಅಂದರೆ ಒಂದೇ ಅಳತೆ ಅಂತ ನಾನು ಅಂದುಕೊಂಡಿದ್ದೆ. ಹಿಂದಿನ ಟೈರು ಸವೆದಾಗ ಒಂದು ಅಂಗಡಿಯಲ್ಲಿ 16 ಇಂಚಿನದು ಕೊಡಿ ಅಂದೆ, ಕೊಟ್ಟರು, ಮನೆಗೆ ತಂದು ಹಾಕಲು ನೋಡಿದರೆ ರಿಮ್ಮಿಗೆ ಏರುವುದೇ ಇಲ್ಲ. ವಾಪಸ್ ತಗೊಳ್ಳಲಿಲ್ಲ. ಆಮೇಲೆ ತಿಳಿದದ್ದು, ಮಕ್ಕಳ ಸೈಕಲ್ಲಿನ 16 ಇಂಚು ಅಂದರೆ ರಿಮ್ಮಿನ ಅಳತೆ 305 ಮಿ.ಮೀ., ನನ್ನದು 349. ಎರಡನ್ನೂ 16 ಇಂಚು ಅಂತಲೇ ಕರೆಯುತ್ತಾರೆ. ಟೈರಿನ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ 37-349 ಅಂತ ಅಚ್ಚಾಗಿರುತ್ತದೆ, ಕೊನೆಯ ಮೂರು ಅಂಕಿ ನೋಡಿ ತಗೊಳ್ಳಬೇಕು. 20 ಇಂಚಿನಲ್ಲೂ ಇದೇ ಗೊಂದಲ. 406 ಇದೆ, 451 ಇದೆ. ತಮ್ಮನದು 406, ಅದು ಮಕ್ಕಳ ಮತ್ತು ಬಿಎಂಎಕ್ಸ್ ಸೈಕಲ್ಲಿನ ಅಳತೆಯೇ ಆದ್ದರಿಂದ ಯಾವ ಬೀದಿಯ ಸೈಕಲ್ ಅಂಗಡಿಯಲ್ಲಾದರೂ ಸಿಗುತ್ತದೆ. ನನ್ನ 349ಕ್ಕೆ ಆನ್‌ಲೈನ್‌ನಲ್ಲಿ ತರಿಸಿ ಕಾಯಬೇಕು. ಅದಕ್ಕೆ ಬ್ಯಾಗಿನಲ್ಲಿ ಯಾವಾಗಲೂ ಒಂದು ಟ್ಯೂಬು, ಟೈರು ಬಿಚ್ಚುವ ಎರಡು ಲಿವರು, ಕೈಯಳತೆಯ ಪಂಪು ಇಟ್ಟುಕೊಂಡಿದ್ದೇನೆ. ವಾಲ್ವು ಬೈಕಿನ ಥರದ್ದೇ ಇದ್ದರೆ ಪೆಟ್ರೋಲ್ ಬಂಕಿನಲ್ಲೂ ಗಾಳಿ ಹೊಡೆಸಬಹುದು. ನನ್ನದು ಅದೇ. ತೆಳ್ಳಗಿನ ಫ್ರೆಂಚ್ ವಾಲ್ವು ಇದ್ದರೆ ಒಂದು ಸಣ್ಣ ಹಿತ್ತಾಳೆ ಅಡಾಪ್ಟರ್ ಬೇಕು. ಗಾಳಿ ವಾರಕ್ಕೊಮ್ಮೆ ನೋಡಲೇಬೇಕು, ಸಣ್ಣ ಟೈರಿನಲ್ಲಿ ಗಾಳಿ ಇಳಿದರೆ ತುಳಿಯುವುದು ಕಷ್ಟ, ಗುಂಡಿಗೆ ಬಿದ್ದಾಗ ಟ್ಯೂಬು ರಿಮ್ಮಿನ ಮಧ್ಯೆ ಸಿಕ್ಕಿ ಹಾವು ಕಚ್ಚಿದ ಹಾಗೆ ಎರಡು ತೂತು ಬೀಳುತ್ತವೆ.

ದುಡ್ಡಿನ ಲೆಕ್ಕ. ಹೆಂಗಸರಿಗೆ 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಬಸ್ಸು ಫ್ರೀ. ಹಾಗಾಗಿ ಬಸ್ಸಿಗೆ ಹೋಲಿಸಿದರೆ ನನಗೆ ಒಂದು ಪೈಸೆ ಉಳಿತಾಯ ಇಲ್ಲ. ಬಸ್ಸು ಹೊತ್ತಿಗೆ ಸಿಕ್ಕ ದಿನ ನಾನೂ ಸಂತೋಷವಾಗಿ ಹತ್ತುತ್ತಿದ್ದೆ. ಆದರೆ ಕಾಯುವ ಹೊತ್ತನ್ನು ಯಾರು ಕೊಡುತ್ತಾರೆ? ಆಟೊಗೆ ಹೋಲಿಸಿದರೆ ಲೆಕ್ಕವೇ ಬೇರೆ. 2025ರ ಆಗಸ್ಟ್‌ನಿಂದ ಮೀಟರ್ ಮೊದಲ 2 ಕಿಲೋಮೀಟರ್‌ಗೆ 36 ರೂಪಾಯಿ, ಆಮೇಲೆ ಕಿಲೋಮೀಟರ್‌ಗೆ 18. ಮನೆ ಕಡೆ 54, ಆಫೀಸ್ ಕಡೆ 36, ಹೋಗಿ ಬರಲು 180. ತಿಂಗಳಿಗೆ 22 ದಿನ ಅಂದರೆ 3,960 ರೂಪಾಯಿ, ಅದೂ ಮೀಟರ್ ಹಾಕಿದರೆ. ಈ ದರದಲ್ಲಿ ನನ್ನ 32 ಸಾವಿರ ಎಂಟು ತಿಂಗಳಿನಲ್ಲಿ ಬಂದ ಹಾಗೆ. ಇಷ್ಟು ವರ್ಷದಲ್ಲಿ ಖರ್ಚು ಅಂದರೆ ಎರಡು ಟೈರು (ಹಾಳಾದ ಒಂದು ಬಿಟ್ಟು), ಒಂದು ಚೈನು, ಬ್ರೇಕ್ ಬ್ಲಾಕು ಎರಡು ಸಲ, ಮತ್ತೆ ಒಂದು ಹಿಂಜ್ ಕ್ಲಾಂಪು.

ನನಗೆ ದುಡ್ಡಿಗಿಂತ ದೊಡ್ಡದು ಸಮಯದ ನಂಬಿಕೆ. ಮನೆ ಬಾಗಿಲಿನಿಂದ ಆಫೀಸಿನ ಮೇಜಿನವರೆಗೆ ನನಗೆ ಒಂದು ಗಂಟೆ ಮೂವತ್ತೈದು ನಿಮಿಷ ಬೇಕು. ಸೋಮವಾರವೂ ಅಷ್ಟೇ, ಹಬ್ಬದ ಹಿಂದಿನ ದಿನವೂ ಅಷ್ಟೇ. ಐದು ನಿಮಿಷ ಹೆಚ್ಚುಕಮ್ಮಿ. ಮೊದಲು ಒಂದು ದಿನ ಒಂದೂವರೆ, ಇನ್ನೊಂದು ದಿನ ಎರಡೂಕಾಲು. ಮಗಳಿಗೆ "ಆರೂಕಾಲಿಗೆ ಬಂದೇ ಬರ್ತೀನಿ" ಅಂತ ಮಾತು ಕೊಡುವ ಹಾಗಿರಲಿಲ್ಲ. ಈಗ ಕೊಡುತ್ತೇನೆ, ಬರುತ್ತೇನೆ.

ಎರಡನೆಯದು ಕಳ್ಳತನದ ಚಿಂತೆ ಇಲ್ಲದಿರುವುದು. ಇದಕ್ಕೂ ಮುಂಚೆ ನನ್ನ ಹತ್ತಿರ ಒಂದು ಗೇರ್ ಸೈಕಲ್ ಇತ್ತು. ಮೆಟ್ರೊಗೆ ಹೋಗುವಾಗ ರಸ್ತೆ ಬದಿಯ ಕಂಬಕ್ಕೆ ಬೀಗ ಹಾಕಿ ಬಿಡುತ್ತಿದ್ದೆ. ಒಂದು ಸಂಜೆ ಬಂದು ನೋಡಿದರೆ ಕಂಬಕ್ಕೆ ಕತ್ತರಿಸಿದ ಕೇಬಲ್ ಮಾತ್ರ ಸುತ್ತಿಕೊಂಡಿತ್ತು. ಅಪ್ಪ ಕೊಡಿಸಿದ ಸೈಕಲ್ ಅದು. ಆಮೇಲೆ ಮೂರು ವರ್ಷ ನಾನು ಸೈಕಲ್ಲನ್ನೇ ಮುಟ್ಟಲಿಲ್ಲ. ಮಡಚುವ ಸೈಕಲ್ಲಿಗೆ ಬೀಗವನ್ನೇ ಕೊಂಡಿಲ್ಲ. ರೈಲಿನಲ್ಲಿ ನನ್ನ ಮೊಣಕಾಲಿನ ಪಕ್ಕ ಇರುತ್ತದೆ, ಆಫೀಸಿನಲ್ಲಿ ಮೇಜಿನ ಅಡಿ, ಮನೆಯಲ್ಲಿ ಚಪ್ಪಲಿ ಸ್ಟ್ಯಾಂಡ್ ಪಕ್ಕ. ಮೊದಲ ದಿನ ಆಫೀಸಿನ ಸೆಕ್ಯುರಿಟಿಯವರು ಸೈಕಲ್ ಒಳಗೆ ಬಿಡಲ್ಲ ಅಂದರು. ಕವರ್ ಹಾಕಿದ ಗಂಟನ್ನು ತೋರಿಸಿ "ಇದೇ ಅದು ಅಣ್ಣ" ಅಂದೆ. ಈಗ ಅವರೇ ಹೊಸಬರಿಗೆ ವಿವರಿಸುತ್ತಾರೆ.

ಮಳೆಯ ಒಂದು ಸಂಜೆಯನ್ನು ಹೇಳಬೇಕು. ಅತ್ತಿಗುಪ್ಪೆಯಲ್ಲಿ ಇಳಿಯುವ ಹೊತ್ತಿಗೆ ಆಕಾಶವೇ ಕಳಚಿ ಬೀಳುವ ಹಾಗೆ ಸುರಿಯುತ್ತಿತ್ತು. ಮೆಟ್ಟಿಲ ಕೆಳಗೆ ಒಂದು ಆಟೊ ನಿಂತಿತ್ತು. ಕೇಳಿದೆ. ಡ್ರೈವರ್ ತಲೆ ಹೊರಗೆ ಹಾಕಿ ನನ್ನ ಕೈಯಲ್ಲಿದ್ದ ಕವರ್ ನೋಡಿ "ಏನಕ್ಕ ಅದು, ಮಿಕ್ಸಿನಾ?" ಅಂದರು. ಸೈಕಲ್ಲು ಅಂದಾಗ ನಂಬಲಿಲ್ಲ. ಮನೆ ತಲುಪಿದ ಮೇಲೆ, ಮಳೆ ಸ್ವಲ್ಪ ನಿಂತಿತ್ತು, "ಒಂದ್ಸಲ ಬಿಚ್ಚಿ ತೋರ್ಸಿ ಅಕ್ಕ" ಅಂದರು. ಬಿಚ್ಚಿ ತೋರಿಸಿದೆ. ಬೆಲೆ ಕೇಳಿದರು, ಹಿಂದಿನ ಚಕ್ರವನ್ನು ತಾವೇ ಎರಡು ಸಲ ಮಡಚಿ ನೋಡಿದರು, ಮಗನಿಗೆ ಕಾಲೇಜಿಗೆ ಆಗುತ್ತದಾ ಅಂತ ವಿಚಾರಿಸಿದರು. ಬೇರೆ ಯಾವ ಸೈಕಲ್ಲಾದರೂ ಅವತ್ತು ನಾನು ಒಂದೋ ನೆನೆಯಬೇಕಿತ್ತು, ಇಲ್ಲ ಅದನ್ನು ಅಲ್ಲೇ ಬಿಟ್ಟು ಬರಬೇಕಿತ್ತು. ಪಂಕ್ಚರ್ ಆದರೂ ಹಾಗೆ, ಜ್ವರ ಬಂದರೂ ಹಾಗೆ, ರಾತ್ರಿ ತಡವಾದರೂ ಹಾಗೆ. ಮಡಚಿ ಯಾರ ಕಾರಿನ ಡಿಕ್ಕಿಯಲ್ಲಾದರೂ ಹಾಕಿಕೊಂಡು ಬರಬಹುದು. ಬೆಳಿಗ್ಗೆ ಸೈಕಲ್ಲಿನಲ್ಲಿ ಹೋದೆ ಅಂತ ಸಂಜೆಯೂ ಸೈಕಲ್ಲಿನಲ್ಲೇ ಬರಬೇಕು ಅನ್ನುವ ಕಟ್ಟು ಇಲ್ಲ. ಈ ಬಿಡುವು ಬೇರೆ ಯಾವ ಗಾಡಿಯಲ್ಲೂ ನನಗೆ ಸಿಕ್ಕಿಲ್ಲ.

ಯಾರಿಗೆ ಬೇಡ? ಮನೆಯಿಂದ ಸ್ಟೇಷನ್ ಒಂದು ಕಿಲೋಮೀಟರ್ ಒಳಗಿದ್ದರೆ ನಡೆದುಬಿಡಿ, ಬಿಚ್ಚಿ ಮಡಚುವಷ್ಟರಲ್ಲಿ ತಲುಪಿರುತ್ತೀರಿ. ಆಫೀಸು ಏಳೆಂಟು ಕಿಲೋಮೀಟರ್‌ನಲ್ಲಿದ್ದು, ಮೆಟ್ರೊ ಹತ್ತುವ ಅಗತ್ಯವೇ ಇಲ್ಲ, ಎರಡೂ ಕಡೆ ಸೈಕಲ್ ಇಡಲು ಜಾಗ ಇದೆ ಅಂದರೆ ಮಾಮೂಲಿ ಸೈಕಲ್ಲೇ ಒಳ್ಳೆಯದು, ಕಡಿಮೆ ಬೆಲೆಗೆ ಬರುತ್ತದೆ, ಗುಂಡಿಗೂ ಹೆದರಬೇಕಿಲ್ಲ. ಒಂಬತ್ತೂವರೆಗೆ ಮೆಜೆಸ್ಟಿಕ್‌ನಲ್ಲಿ ಲೈನ್ ಬದಲಿಸಲೇಬೇಕು ಅನ್ನುವವರಿಗೂ ನಾನು ಇದನ್ನು ಹೇಳುವುದಿಲ್ಲ. ಆ ಹೊತ್ತಿನಲ್ಲಿ ಅಲ್ಲಿ ಮನುಷ್ಯರಿಗೇ ಕಾಲಿಡಲು ಜಾಗ ಇರುವುದಿಲ್ಲ, ಪಕ್ಕದವರಿಗೆ ತೊಂದರೆ ಕೊಟ್ಟು ಹೋಗುವುದು ಸರಿಯಲ್ಲ. ಹಿಂದೆ ಮಗುವನ್ನು ಕೂರಿಸಿಕೊಂಡು ಶಾಲೆಗೆ ಬಿಡಬೇಕು ಅಂದರೂ ಇದು ಆಗುವುದಿಲ್ಲ.

16ಓ 20ಓ ಅಂತ ಕೇಳಿದರೆ, ದಿನಾ ರೈಲಿನಲ್ಲಿ ಒಯ್ಯುವವರಿಗೆ 16 ಇಂಚಿನ ಮೂರು ಮಡಿಕೆಯದು, ಟೈರಿಗೆ ಕಾಯುವ ತೊಂದರೆ ಇದ್ದರೂ. ಕಾರಿನ ಡಿಕ್ಕಿಯಲ್ಲಿ ಇಟ್ಟುಕೊಂಡು ಹೋಗಿ ಊರ ಹೊರಗೆ ಪಾರ್ಕ್ ಮಾಡಿ ಅಲ್ಲಿಂದ ತುಳಿಯುವವರಿಗೆ, ಅಪಾರ್ಟ್‌ಮೆಂಟಿನಲ್ಲಿ ಬಾಲ್ಕನಿಯೇ ಗ್ಯಾರೇಜು ಆಗಿರುವವರಿಗೆ 20 ಇಂಚಿನದು. ಅದು ಅರ್ಧ ಬೆಲೆಗೂ ಸಿಗುತ್ತದೆ.

ಕೊಳ್ಳುವ ಮುಂಚೆ ಮನೆಯಲ್ಲೇ ಒಂದು ಕೆಲಸ ಮಾಡಿ ನೋಡಿ. ಹತ್ತು ಕೆಜಿ ಅಕ್ಕಿ ಚೀಲದ ಜೊತೆ ಎರಡು ಕೆಜಿ ಬೇಳೆ ಸೇರಿಸಿ ಒಂದು ಕೈಯಲ್ಲಿ ಹಿಡಿದುಕೊಳ್ಳಿ, ಆಫೀಸ್ ಬ್ಯಾಗನ್ನು ಹೆಗಲಿಗೆ ಹಾಕಿಕೊಳ್ಳಿ, ಎರಡು ಮಹಡಿ ಮೆಟ್ಟಿಲು ಹತ್ತಿ ಇಳಿಯಿರಿ. ಸ್ಟೇಷನ್‌ನಲ್ಲಿ ಲಿಫ್ಟು, ಎಸ್ಕಲೇಟರ್ ಇದ್ದೇ ಇವೆ, ಆದರೆ ಅವು ಕೆಟ್ಟ ದಿನ ನೀವು ಎತ್ತಬೇಕಾದದ್ದು ಇಷ್ಟೇ ಭಾರ. ನಮ್ಮ ಮನೆ ಎರಡನೇ ಮಹಡಿ, ಲಿಫ್ಟಿಲ್ಲ, ನಾನು ದಿನಾ ಎತ್ತುತ್ತೇನೆ, ಮೊದಲ ತಿಂಗಳು ತೋಳು ನೋಯುತ್ತಿತ್ತು, ಈಗ ಇಲ್ಲ. ಅತ್ತಿಗುಪ್ಪೆ ಕಡೆಯವರು ಯಾರಾದರೂ ಇದ್ದು ಕೈಯಲ್ಲಿ ಹಿಡಿದು ನೋಡಬೇಕು ಅನ್ನಿಸಿದರೆ, ವಾರದ ದಿನಗಳಲ್ಲಿ ಏಳಕ್ಕೆ ಹತ್ತು ನಿಮಿಷ ಇರುವಾಗ ಸ್ಟೇಷನ್ ಮೆಟ್ಟಿಲ ಹತ್ತಿರ ಮಡಚುತ್ತಾ ಇರುತ್ತೇನೆ, ಹಸಿರು ಬಣ್ಣದ್ದು. ಬನ್ನಿ, ಎತ್ತಿ ನೋಡಿ, ಒಂದು ಸುತ್ತು ಓಡಿಸಿಯೂ ನೋಡಿ.